ಡಬ್ಬಿ ತೆರೆಯದ ಗೊಂಬೆಗೆ ಬೆಲೆ ಬರುತ್ತದೆಯೇ?

ಪ್ರಶ್ನೆ: ನಾನು ಮಂಗಳೂರಿನವನು, ವಯಸ್ಸು 31. ಕೆಲಸಕ್ಕೆ ಸೇರಿದಾಗಿನಿಂದ ಫಂಕೋ ಪಾಪ್ ಎಂಬ, ಸಿನಿಮಾ ಟಿವಿ ಪಾತ್ರಗಳ ದೊಡ್ಡ ತಲೆಯ ಗೊಂಬೆಗಳನ್ನು ಕೂಡಿಡುತ್ತಿದ್ದೇನೆ. ಎಂಟು ವರ್ಷದಲ್ಲಿ 140 ಆಗಿವೆ. ತೆಗೆದರೆ ಬೆಲೆ ಹೋಗುತ್ತದೆ ಎಂದು ಎಲ್ಲರೂ ಹೇಳುವುದರಿಂದ ಒಂದನ್ನೂ ಡಬ್ಬಿಯಿಂದ ಹೊರತೆಗೆದಿಲ್ಲ. ಈ ಮಳೆಗಾಲದಲ್ಲಿ ಕಪಾಟಿನ ಕೆಳಗಿನ ಸಾಲಿನ ಡಬ್ಬಿಗಳಿಗೆ ಬೂಷ್ಟು ಹಿಡಿದಿದೆ. ಅಮ್ಮ ಮಾರಿಬಿಡು ಎನ್ನುತ್ತಾರೆ. ಹತ್ತು ವರ್ಷ ಇಟ್ಟರೆ ಚಿನ್ನ ಎನ್ನುತ್ತಾನೆ ಗೆಳೆಯ. ಮೊಬೈಲ್ ಆಪ್ ಒಂದು ನನ್ನ ಸಂಗ್ರಹದ ಬೆಲೆ ಮೂರೂವರೆ ಲಕ್ಷ ರೂಪಾಯಿ ಎಂದು ತೋರಿಸುತ್ತದೆ. ಇದು ನಿಜವೇ? ಅಸಲಿ, ನಕಲಿ ಗುರುತಿಸುವುದು ಹೇಗೆ? ಅಕ್ಕನ ಮಗಳು ಲಬೂಬು ಎಂಬ ಗೊಂಬೆ ಬೇಕೆಂದು ಹಟ ಹಿಡಿದಿದ್ದಾಳೆ, ಕೊಡಿಸಬಹುದೇ?

ಉತ್ತರ: ಮೊದಲು ಎದ್ದು ಹೋಗಿ ಬೂಷ್ಟು ಹಿಡಿದ ಡಬ್ಬಿಗಳನ್ನು ಬೇರೆ ಕೋಣೆಗೆ ಸಾಗಿಸಿ, ಆಮೇಲೆ ಮುಂದೆ ಓದಿ. ಬೂಷ್ಟು ಕೆಳಗಿನ ಸಾಲಿನಲ್ಲಿ ನಿಲ್ಲುವುದಿಲ್ಲ. ರಟ್ಟಿನಿಂದ ರಟ್ಟಿಗೆ ಹಬ್ಬುತ್ತಾ ಮೇಲಕ್ಕೇರುತ್ತದೆ.

ಈಗ ಆ ಮೂರೂವರೆ ಲಕ್ಷದ ವಿಚಾರ. ಆಪ್ ತೋರಿಸುವ ಅಂಕಿ ಸುಳ್ಳಲ್ಲ, ಆದರೆ ಅದು ನಿಮ್ಮದಲ್ಲ. ಅಂಥ ಬೆಲೆಪಟ್ಟಿಗಳು ಮುಖ್ಯವಾಗಿ ಅಮೆರಿಕದ ಮರುಮಾರಾಟದ ವಹಿವಾಟನ್ನು ನೋಡಿ ತಯಾರಾಗುತ್ತವೆ. ಅಲ್ಲಿ ಕೊಳ್ಳುವವರು ಸಾವಿರಗಟ್ಟಲೆ ಇದ್ದಾರೆ, ಅಂಚೆ ವೆಚ್ಚ ಕಡಿಮೆ. ಮಂಗಳೂರಿನಲ್ಲಿ ಕುಳಿತು ಅದೇ ಬೆಲೆ ಪಡೆಯಬೇಕಾದರೆ ಗೊಂಬೆ ಸಮುದ್ರ ದಾಟಬೇಕು, ಜಾಲತಾಣದ ಕಮಿಷನ್ ಕಳೆಯಬೇಕು, ಡಬ್ಬಿಯ ಮೂಲೆ ಜಜ್ಜದೆ ತಲುಪಬೇಕು. ಸಾಧಾರಣ ಗೊಂಬೆಯೊಂದರಲ್ಲಿ ಇಷ್ಟೆಲ್ಲ ಕಳೆದ ಮೇಲೆ ಏನೂ ಉಳಿಯುವುದಿಲ್ಲ. ಭಾರತದೊಳಗೇ ಮಾರುತ್ತೇನೆ ಎಂದರೆ, ಅದೇ ಗೊಂಬೆ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತಿರುವಷ್ಟು ಕಾಲ ಹಳೆಯದಕ್ಕೆ ಹೊಸದರ ಬೆಲೆಗಿಂತ ಹೆಚ್ಚು ಯಾರೂ ಕೊಡುವುದಿಲ್ಲ. ಇಬೇಯಂಥ ತಾಣಗಳಲ್ಲಿ ಬೆಲೆ ನೋಡುವಾಗಲೂ ಮಾರುವವರು ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸು ಎಂದು ಆಯ್ಕೆ ಮಾಡಿ ನೋಡಿ. ಹತ್ತು ಸಾವಿರ ಕೇಳುವ ಹಕ್ಕು ಎಲ್ಲರಿಗೂ ಇದೆ, ಕೊಟ್ಟವರು ಯಾರಾದರೂ ಇದ್ದಾರೆಯೇ ಎಂಬುದಷ್ಟೇ ಮುಖ್ಯ.

ಇನ್ನು ನಿಮ್ಮ ಗೆಳೆಯರ ಚಿನ್ನದ ನಂಬಿಕೆ. ಅದು ಅವರೊಬ್ಬರದ್ದಲ್ಲ, ಸಂಗ್ರಾಹಕರ ಲೋಕವೇ ಅದರ ಮೇಲೆ ನಿಂತಿದೆ. ಅದು ಎಲ್ಲಿಂದ ಬಂತು ಎಂದು ತಿಳಿದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗಕ್ಕೆ ಉತ್ತರ ಸಿಗುತ್ತದೆ.

1977ರಲ್ಲಿ ಸ್ಟಾರ್ ವಾರ್ಸ್ ಚಿತ್ರ ಅಮೆರಿಕದಲ್ಲಿ ತೆರೆಕಂಡಿತು. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಚ್ಚಿನ ಸಂಭಾವನೆಗೆ ಜಗ್ಗಾಡುವ ಬದಲು ಚಿತ್ರದ ಸರಕುಗಳ ಹಕ್ಕನ್ನು ಉಳಿಸಿಕೊಂಡಿದ್ದರು. ಸ್ಟುಡಿಯೋದವರಿಗೆ ಅದು ದೊಡ್ಡ ವಿಷಯ ಎನಿಸಲೇ ಇಲ್ಲ, ಸಿನಿಮಾ ಗೊಂಬೆಗಳಿಂದ ಅಷ್ಟು ದೊಡ್ಡ ದುಡ್ಡು ಬರುತ್ತದೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ. ಆಗಿನ ಹೆಸರಾಂತ ಗೊಂಬೆ ಕಂಪನಿ ಮೆಗೋ ಈ ಪರವಾನಗಿ ಬೇಡವೆಂದಿತು. ಅದು ಸಿನ್ಸಿನಾಟಿಯ ಕೆನ್ನರ್ ಕಂಪನಿಯ ಪಾಲಾಯಿತು. ಚಿತ್ರ ಆ ಪರಿ ಓಡುತ್ತದೆ ಎಂದು ಕೆನ್ನರ್‌ನವರೂ ಎಣಿಸಿರಲಿಲ್ಲ. ಅಚ್ಚು ಕೊರೆಸಿ, ಗೊಂಬೆ ಎರೆದು, ಬಣ್ಣ ಹಚ್ಚಿ ಅಂಗಡಿಗೆ ತರಲು ತಿಂಗಳುಗಟ್ಟಲೆ ಬೇಕು, ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಗೊಂಬೆಗಳು ಸಿದ್ಧವಿರಲಿಲ್ಲ. ಅವರು ಖಾಲಿ ಲಕೋಟೆಯನ್ನು ಮಾರಿದರು! ಚಿತ್ರವುಳ್ಳ ರಟ್ಟಿನ ಕಟ್ಟು, ಅದರೊಳಗೆ ಒಂದು ಚೀಟಿ. ಚೀಟಿ ತುಂಬಿ ಕಳುಹಿಸಿದರೆ ಮುಂದಿನ ವರ್ಷ ನಾಲ್ಕು ಗೊಂಬೆಗಳು ಅಂಚೆಯಲ್ಲಿ ಬರುತ್ತವೆ ಎಂಬ ಭರವಸೆ. ಲ್ಯೂಕ್, ಲೀಯಾ, ಚುಬಾಕಾ, ಆರ್ಟೂ ಡಿಟೂ ಎಂಬ ಆ ನಾಲ್ವರು 1978ರಲ್ಲಿ ಮನೆಮನೆ ತಲುಪಿದರು. ಮೂರೂ ಮುಕ್ಕಾಲು ಅಂಗುಲದ ಈ ಗೊಂಬೆಗಳ ಸಾಲು 1985ರವರೆಗೆ ನಡೆಯಿತು, ಕೋಟಿಗಟ್ಟಲೆ ಮಾರಾಟವಾಯಿತು.

ಕೋಟಿಗಟ್ಟಲೆ ಮಾರಾಟವಾದದ್ದು ಮುಂದೆ ವಿರಳವಾದದ್ದು ಹೇಗೆ? ಮಕ್ಕಳು ಅವುಗಳೊಂದಿಗೆ ಆಡಿದರು, ಅಷ್ಟೇ. ರಟ್ಟನ್ನು ಅಂಗಡಿಯ ಬಾಗಿಲಲ್ಲೇ ಹರಿದರು. ಗೊಂಬೆಯನ್ನು ಮಣ್ಣಿನಲ್ಲಿ ಹೂತರು, ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿದರು, ಬೆರಳುಗುರಿನಷ್ಟೂ ಇಲ್ಲದ ಬಂದೂಕುಗಳನ್ನು ಕಳೆದರು. ತಾಯಂದಿರು ಉಳಿದದ್ದನ್ನು ಹಳೆ ಸಾಮಾನಿನ ಜೊತೆ ಸಾಗಹಾಕಿದರು. ರಟ್ಟು ಒಡೆಯದೆ ಉಳಿದವು ಯಾರದೋ ಮರೆವಿನಿಂದ ಉಳಿದವು. ಇವತ್ತು ಹರಾಜಿನಲ್ಲಿ ಹಣ ಬರುವುದು ಆ ಮರೆವಿಗೆ.

ಜಾವಾ ಎಂಬ ಕುಳ್ಳ ಪಾತ್ರದ ಗೊಂಬೆಯ ಕಥೆ ಕೇಳಿ. ಮೊದಲ ಕಂತಿನಲ್ಲಿ ಅದಕ್ಕೆ ವಿನೈಲ್ ಹಾಳೆಯ ಮೇಲಂಗಿ ತೊಡಿಸಿದ್ದರು. ಗೊಂಬೆಯೇ ಗಿಡ್ಡ, ಮೇಲೆ ಪ್ಲಾಸ್ಟಿಕ್ ತುಂಡು. ಅದೇ ಬೆಲೆಗೆ ಪಕ್ಕದಲ್ಲಿ ನಿಂತ ದೊಡ್ಡ ಗೊಂಬೆಗಳ ಮುಂದೆ ತೀರಾ ಅಗ್ಗವಾಗಿ ಕಂಡಿತು. ಕಂಪನಿ ಬೇಗನೆ ಬಟ್ಟೆಯ ಅಂಗಿಗೆ ಬದಲಾಯಿಸಿತು. ಅಂದು ಅಗ್ಗವೆನಿಸಿ ಕೈಬಿಟ್ಟ ವಿನೈಲ್ ಅಂಗಿಯ ಜಾವಾ ಇಂದು ಆ ಸಾಲಿನ ಅತಿ ಬೇಡಿಕೆಯ ಗೊಂಬೆಗಳಲ್ಲಿ ಒಂದು. ಅದಕ್ಕೇ ವಂಚನೆಯೂ ಹೆಚ್ಚು. ಬೆನ್ ಕೆನೋಬಿ ಗೊಂಬೆಯ ವಿನೈಲ್ ಅಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸಿ ಮಾರುವುದು ಹಳೆಯ ಕಸುಬು. ಬಲ್ಲವರು ಅಂಗಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಕಾರ್ಖಾನೆಯ ಅಚ್ಚು ಕತ್ತರಿಸಿದ ಅಂಚಿಗೂ ಮನೆಯ ಕತ್ತರಿ ಓಡಿದ ಅಂಚಿಗೂ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು, ಅದೇ ಸಾಲಿನ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆ. ಬೆನ್ನಿನಿಂದ ನಿಜವಾಗಿ ಹಾರುವ ರಾಕೆಟ್ ಇರುವ ಗೊಂಬೆ ಕೊಡುತ್ತೇವೆಂದು ಕೆನ್ನರ್ 1979ರಲ್ಲಿ ಜಾಹೀರಾತು ಮಾಡಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ಸತ್ತಿತ್ತು. ಕೆನ್ನರ್ ಹೆದರಿ ರಾಕೆಟ್ಟನ್ನು ಗೊಂಬೆಗೆ ಅಂಟಿಸಿಯೇ ಕಳುಹಿಸಿತು. ಹಾರುವ ರಾಕೆಟ್ಟಿನ ಬೋಬಾ ಫೆಟ್ ಯಾವ ಮಗುವಿನ ಕೈಗೂ ಹೋಗಲಿಲ್ಲ. ಕಂಪನಿಯೊಳಗೆ ತಯಾರಾದ ಕೆಲವು ಮಾದರಿಗಳಷ್ಟೇ ಉಳಿದವು. ಅಂಥದ್ದೊಂದು 2024ರಲ್ಲಿ ಹೆರಿಟೇಜ್ ಎಂಬ ಸಂಸ್ಥೆಯ ಹರಾಜಿನಲ್ಲಿ 5,25,000 ಡಾಲರ್‌ಗೆ ಹೋಯಿತು. ಪತ್ರಿಕೆಗಳಲ್ಲಿ ಬರುವುದು ಇಂಥ ಸುದ್ದಿ. ಓದಿದವರು ತಮ್ಮ ಕಪಾಟಿನ ಕಡೆ ತಿರುಗಿ ನೋಡುತ್ತಾರೆ, ಎಡವಟ್ಟು ಶುರುವಾಗುವುದು ಅಲ್ಲಿಂದ.

ಏಕೆಂದರೆ ಈಗಿನ ಗೊಂಬೆಗಳ ಹುಟ್ಟೇ ಬೇರೆ. ಫಂಕೋ ಕಂಪನಿ 1998ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ನೋಹೋಮಿಶ್ ಎಂಬ ಊರಿನಲ್ಲಿ, ತಲೆಯಾಡಿಸುವ ಗೊಂಬೆಗಳ ಪುಟ್ಟ ಉದ್ಯಮವಾಗಿ ಆರಂಭವಾಯಿತು. 2005ರಲ್ಲಿ ಕೈ ಬದಲಾಯಿತು. ದೊಡ್ಡ ತಲೆ, ಗುಂಡು ಕಪ್ಪು ಕಣ್ಣು, ಬಾಯಿಯೇ ಇಲ್ಲದ ಪಾಪ್ ಸಾಲು 2010ರಲ್ಲಿ ಬಂತು. ಆ ಆಕಾರದ ಜಾಣತನವನ್ನು ಮೆಚ್ಚಲೇಬೇಕು. ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕೂದಲು, ಬಟ್ಟೆ, ಕೈಯಲ್ಲಿನ ವಸ್ತು ಬದಲಾಯಿಸಿದರೆ ಬ್ಯಾಟ್‌ಮ್ಯಾನ್ ಆಗುತ್ತಾನೆ, ಕ್ರೀಡಾಪಟು ಆಗುತ್ತಾನೆ, ಟಿವಿ ಧಾರಾವಾಹಿಯ ಅಡುಗೆಯವಳೂ ಆಗುತ್ತಾಳೆ. ಹಾಗಾಗಿ ಸಾವಿರಾರು ಪಾತ್ರಗಳು ಹೊರಬಂದವು. ಪ್ರತಿ ಡಬ್ಬಿಯ ಮೇಲೂ ಸಂಖ್ಯೆ. 56 ಇದೆ, 58 ಇದೆ ಎಂದರೆ 57 ಇಲ್ಲದೆ ನಿದ್ದೆ ಬರುವುದಿಲ್ಲ ನೋಡಿ. ಕೊಂಡವರಲ್ಲಿ ಹೆಚ್ಚಿನವರು ದೊಡ್ಡವರು, ನಿಮ್ಮ ಹಾಗೆಯೇ ಡಬ್ಬಿ ತೆರೆಯದೆ ಜೋಪಾನ ಮಾಡಿದವರು. ಕೆನ್ನರ್ ಗೊಂಬೆಗಳನ್ನು ವಿರಳಗೊಳಿಸಿದ ಮಕ್ಕಳ ಕೈ ಇಲ್ಲಿ ಕೆಲಸ ಮಾಡಲೇ ಇಲ್ಲ. ಹತ್ತು ವರ್ಷದ ನಂತರ ನೀವು ಮಾರಲು ಹೊರಟ ದಿನ, ಅದೇ ಗೊಂಬೆಯ ಅಷ್ಟೇ ಚೊಕ್ಕ ಡಬ್ಬಿ ಹಿಡಿದು ನಿಂತವರು ಲಕ್ಷ ಮಂದಿ ಇರುತ್ತಾರೆ.

ಕಂಪನಿಗೇ ಇದರ ಬಿಸಿ ತಟ್ಟಿತು. 2022ರ ಕೊನೆಗೆ ಫಂಕೋ ಬಳಿ ಮಾರಾಟವಾಗದ ಸರಕು ಗುಡ್ಡೆ ಬಿದ್ದಿತ್ತು. ಅರಿಜೋನಾದ ಗೋದಾಮು ತುಂಬಿ, ಬಾಡಿಗೆ ಕಂಟೇನರ್‌ಗಳಲ್ಲಿ ಇಡಬೇಕಾಯಿತು. ಇಟ್ಟುಕೊಳ್ಳುವ ಖರ್ಚಿಗಿಂತ ಎಸೆಯುವುದೇ ಲೇಸೆಂದು, 3 ಕೋಟಿಯಿಂದ 3.6 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು 2023ರ ಮೊದಲಾರ್ಧದಲ್ಲಿ ನಾಶ ಮಾಡುವುದಾಗಿ ಕಂಪನಿಯೇ ಪ್ರಕಟಿಸಿತು. ತಯಾರಿಸಿದವರೇ ಕಸಕ್ಕೆ ಸುರಿದ ಸರಕನ್ನು ನಿಮ್ಮ ಗೆಳೆಯರು ಚಿನ್ನ ಎನ್ನುತ್ತಿದ್ದಾರೆ.

ಇಂಥದ್ದು ಮೊದಲ ಸಲವೇನೂ ಅಲ್ಲ. 1993ರಲ್ಲಿ ಬಂದ ಬೀನಿ ಬೇಬೀಸ್ ಎಂಬ ಮೆತ್ತನೆಯ ಗೊಂಬೆಗಳನ್ನು ಅಮೆರಿಕದ ಜನ ಕಿವಿಯ ಚೀಟಿಗೂ ಪ್ಲಾಸ್ಟಿಕ್ ಕವಚ ತೊಡಿಸಿ ಕಾಪಾಡಿದರು. 1999ರಲ್ಲಿ ಲಾಸ್ ವೇಗಸ್‌ನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆಯುತ್ತಿದ್ದ ಗಂಡ ಹೆಂಡತಿ ನ್ಯಾಯಾಧೀಶರ ಎದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ನಿನಗೊಂದು ನನಗೊಂದು ಎಂದು ಈ ಗೊಂಬೆಗಳನ್ನು ಪಾಲು ಮಾಡಿಕೊಂಡ ಛಾಯಾಚಿತ್ರ ಪ್ರಸಿದ್ಧ. ಹೆಚ್ಚು ಕಾಲ ಹಿಡಿಯಲಿಲ್ಲ, ಬೆಲೆ ನೆಲ ಕಚ್ಚಿತು.

ಹಾಗೆಂದು ನಿಮ್ಮ 140ರಲ್ಲಿ ಒಂದಕ್ಕೂ ಬೆಲೆಯಿಲ್ಲ ಎಂದಲ್ಲ. ನಾಲ್ಕೈದಕ್ಕೆ ಇರಬಹುದು, ಅವನ್ನು ಹುಡುಕಿ. ಮೊದಲು ಡಬ್ಬಿಯ ಮುಂಭಾಗದ ಸ್ಟಿಕ್ಕರ್ ನೋಡಿ. ಸ್ಯಾನ್ ಡಿಯಾಗೋದ ಕಾಮಿಕ್ ಕಾನ್‌ನಂಥ ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಮೇಳದಲ್ಲೇ ಮಾರಿದ್ದಕ್ಕೆ ಆ ಮೇಳದ ಹೆಸರಿನ ಸ್ಟಿಕ್ಕರ್ ಇರುತ್ತದೆ. ಅದೇ ಗೊಂಬೆ ಅಂಗಡಿಗಳ ಮೂಲಕ ಬಂದಿದ್ದರೆ ಸ್ಟಿಕ್ಕರ್ ಬೇರೆ, ಬೆಲೆಯೂ ಬೇರೆ. ಎರಡನೆಯದಾಗಿ ‘ಚೇಸ್’ ಎಂದು ಬರೆದದ್ದು ಇದೆಯೇ ನೋಡಿ. ಸಾಮಾನ್ಯವಾಗಿ ಆರಕ್ಕೆ ಒಂದರಂತೆ ಬೆರೆಸಿರುವ, ಬಣ್ಣದಲ್ಲೋ ಭಂಗಿಯಲ್ಲೋ ಸ್ವಲ್ಪ ಬೇರೆಯಾದ ಗೊಂಬೆ ಅದು. ಮೂರನೆಯದು, ತಯಾರಿಕೆ ನಿಂತು ವರ್ಷಗಳಾದ, ಸಂಗ್ರಾಹಕರು ‘ವಾಲ್ಟೆಡ್’ ಎನ್ನುವ ಗೊಂಬೆಗಳು. ಇಲ್ಲೊಂದು ಎಚ್ಚರಿಕೆ: ತಯಾರಿಕೆ ನಿಂತ ಮಾತ್ರಕ್ಕೆ ಬೇಡಿಕೆ ಹುಟ್ಟುವುದಿಲ್ಲ. ಯಾರಿಗೂ ನೆನಪಿಲ್ಲದ ಧಾರಾವಾಹಿಯ ಮೂರನೇ ಸಾಲಿನ ಪಾತ್ರ ತಯಾರಿಕೆ ನಿಂತ ಮೇಲೂ ಮೂರನೇ ಸಾಲಿನ ಪಾತ್ರವೇ.

ನಕಲಿಯ ಪ್ರಶ್ನೆ ಬರುವುದೂ ಈ ನಾಲ್ಕೈದರ ವಿಷಯದಲ್ಲಿಯೇ. ಡಬ್ಬಿಯ ತಳದಲ್ಲಿ ಅಚ್ಚೊತ್ತಿದ ಅಥವಾ ಅಂಟಿಸಿದ ತಯಾರಿಕಾ ಸಂಕೇತವಿರುತ್ತದೆ. ಗೊಂಬೆಯ ಪಾದದಡಿಯಲ್ಲೋ ಕುತ್ತಿಗೆಯ ಬಳಿಯೋ ಇನ್ನೊಂದು. ಹೊಸ ಗೊಂಬೆಗಳಲ್ಲಿ ಇವೆರಡೂ ಸಾಮಾನ್ಯವಾಗಿ ಹೊಂದುತ್ತವೆ. ಹಳೆಯವುಗಳಲ್ಲಿ ಹೊಂದದಿದ್ದರೆ ತಕ್ಷಣ ನಕಲಿ ಎಂದು ತೀರ್ಮಾನಿಸಬೇಡಿ. ಮುದ್ರಣ ಹೆಚ್ಚು ಹೇಳುತ್ತದೆ. ನಕಲಿ ಡಬ್ಬಿಯನ್ನು ಅಸಲಿಯ ಚಿತ್ರ ತೆಗೆದು ಮರುಮುದ್ರಿಸಿರುತ್ತಾರೆ, ಹಾಗಾಗಿ ಹಿಂಬದಿಯ ಸಣ್ಣ ಅಕ್ಷರಗಳ ಅಂಚು ಹರಡಿಕೊಂಡಿರುತ್ತದೆ. ಅದೇ ಸಾಲಿನ, ನಂಬಿಕಸ್ಥ ಅಂಗಡಿಯಲ್ಲಿ ಕೊಂಡ ಇನ್ನೊಂದು ಡಬ್ಬಿಯನ್ನು ಪಕ್ಕದಲ್ಲಿಟ್ಟು ಬಣ್ಣದ ಛಾಯೆ, ರಟ್ಟಿನ ದಪ್ಪ, ಅಕ್ಷರದ ಗಾತ್ರ ಹೋಲಿಸಿ. ಬೆಲೆ ತೀರಾ ಕಡಿಮೆ ಎನಿಸಿ ಖುಷಿಪಟ್ಟು ಕೊಂಡದ್ದಿದ್ದರೆ ಅದನ್ನೇ ಮೊದಲು ಪರೀಕ್ಷಿಸಿ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ: ಡಬ್ಬಿ ತೆರೆಯಬಹುದೇ? ಧಾರಾಳವಾಗಿ. ಕೆನ್ನರ್ ಗೊಂಬೆ ರಟ್ಟಿಗೆ ಅಂಟಿಸಿದ ಗುಳ್ಳೆಯೊಳಗಿತ್ತು, ಹರಿಯದೆ ತೆಗೆಯಲಾಗುತ್ತಿರಲಿಲ್ಲ. ಪಾಪ್ ಡಬ್ಬಿಯದು ಮಡಿಸಿದ ಮುಚ್ಚಳ. ಮೇಲಿನ ಅಂಟುಪಟ್ಟಿಯನ್ನು ಜೋಪಾನವಾಗಿ ಬಿಡಿಸಿದರೆ ಗೊಂಬೆಯನ್ನು ತೆಗೆದು, ಒಂದು ತಿಂಗಳು ಮೇಜಿನ ಮೇಲೆ ಕೂರಿಸಿ, ಮತ್ತೆ ಒಳಗಿಡಬಹುದು. ಕೊಳ್ಳುವವರು ನೋಡುವುದು ಡಬ್ಬಿ ಇದೆಯೇ, ಮೂಲೆ ಜಜ್ಜಿದೆಯೇ, ಕಿಟಕಿಯ ಪ್ಲಾಸ್ಟಿಕ್ ಗೀರಿದೆಯೇ ಎಂದು. ಮೈಸೂರು ಕಡೆ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ತಲೆಮಾರುಗಳ ಗೊಂಬೆಗಳು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿದ್ದರೂ ವರ್ಷಕ್ಕೊಮ್ಮೆ ಹೊರಬಂದು ಗಾಳಿ ಬೆಳಕು ಕಾಣುತ್ತವೆ. ನಿಮ್ಮವಕ್ಕೆ ಎಂಟು ವರ್ಷದಲ್ಲಿ ಒಮ್ಮೆಯೂ ಆ ಭಾಗ್ಯ ಸಿಕ್ಕಿಲ್ಲ, ಬೂಷ್ಟಿಗೆ ಅದೂ ಒಂದು ಕಾರಣ.

ಬೂಷ್ಟು ಹಿಡಿದ ಡಬ್ಬಿಯನ್ನು ಬಿಸಿಲಿಗಿಡಬೇಡಿ, ಮುದ್ರಣ ಮಾಸುತ್ತದೆ. ನೆರಳಿನಲ್ಲಿ ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಿಸಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ, ಮೆತ್ತನೆಯ ಒಣ ಕುಂಚದಿಂದ ಬೂಷ್ಟನ್ನು ಗುಡಿಸಿ ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಿದರೆ ಹೊಳಪಿಲ್ಲದ ಒಳಭಾಗ ನೀರು ಕುಡಿದು ಉಬ್ಬುತ್ತದೆ. ಗೊಂಬೆಯ ಮೇಲೂ ಬೂಷ್ಟಿದ್ದರೆ ಪಾತ್ರೆ ತೊಳೆಯುವ ದ್ರವವನ್ನು ನಾಲ್ಕು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಇಡೀ ಗೊಂಬೆಯನ್ನು ಮುಳುಗಿಸಬೇಡಿ, ತಲೆ ಟೊಳ್ಳು. ಕುತ್ತಿಗೆಯ ಸಂದಿಯಿಂದ ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವಗಳನ್ನು ಹತ್ತಿರವೂ ತರಬೇಡಿ, ಬಣ್ಣ ಕಿತ್ತುಬರುತ್ತದೆ.

ಕರಾವಳಿಯಲ್ಲಿ ನಿಜವಾದ ತೊಡಕು ಬೇರೆ ಇದೆ: ರಟ್ಟಿಗೆ ಬೇಕಾದದ್ದು ಗೊಂಬೆಗೆ ಆಗುವುದಿಲ್ಲ. ರಟ್ಟು ತೇವ ತಾಗದಂತೆ ಮುಚ್ಚಿಡು ಎನ್ನುತ್ತದೆ. ಗೊಂಬೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದ್ದು. ಪಿವಿಸಿ ಸ್ವಭಾವತಃ ಗಟ್ಟಿ, ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಸೆಕೆಯಲ್ಲಿ, ಗಾಳಿಯಾಡದ ಜಾಗದಲ್ಲಿ ಅದು ನಿಧಾನವಾಗಿ ಮೇಲ್ಮೈಗೆ ಬಂದು ಕೂರುತ್ತದೆ. ಹಳೆಯ ಜಪಾನಿ ಅನಿಮೆ ಗೊಂಬೆಗಳನ್ನು ಮುಟ್ಟಿದರೆ ಕೈಗೆ ಅಂಟುವುದು ಇದೇ ಕಾರಣಕ್ಕೆ. ಆದ್ದರಿಂದ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಡಿ. ಗಟ್ಟಿಯಾದ ಪೆಟ್ (ನೀರಿನ ಬಾಟಲಿಯ ಬಗೆಯ) ಪ್ಲಾಸ್ಟಿಕ್ಕಿನ ಹೊರಡಬ್ಬಿ, ಅಂದರೆ ಪ್ರೊಟೆಕ್ಟರ್ ಬಳಸಿ. ಮೆದು ಪಿವಿಸಿ ಕವಚ ಬೇಡ, ಡಬ್ಬಿಯ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಕಪಾಟನ್ನು ಮಳೆ ಹೊಡೆಯುವ ಹೊರಗೋಡೆಯಿಂದ ದೂರ ಸರಿಸಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ತೇವ ತೋರಿಸುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೇವ ಶೇ 60 ದಾಟದಂತೆ, ತೇವ ಹೀರಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹರಳುಗಳನ್ನು ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಮದ್ದೆಂದು ಇಡುವ ನುಸಿಗುಳಿಗೆ ಮಾತ್ರ ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ.

ಗೊಂಬೆಯ ಜೊತೆಗೆ ಬರುವ ಇತರ ಸರಕಿನ ಬಗ್ಗೆ ಒಂದೇ ಮಾತು. ಕೀಚೈನ್, ಪಿನ್‌ಗಳಿಂದ ತೊಂದರೆಯಿಲ್ಲ. ಪಾತ್ರಗಳ ಚಿತ್ರವಿರುವ ಕೃತಕ ಚರ್ಮದ ಬ್ಯಾಗುಗಳನ್ನು (ಫಂಕೋ 2017ರಲ್ಲಿ ಕೊಂಡ ಲೌಂಜ್‌ಫ್ಲೈ ಇಂಥವಕ್ಕೆ ಹೆಸರುವಾಸಿ) ಮಂಗಳೂರಿನಲ್ಲಿ ಕೂಡಿಡುವ ಯೋಚನೆ ಬಿಡಿ. ಪಾಲಿಯುರೆಥೇನ್ ಲೇಪನ ತೇವದಲ್ಲಿ ತಾನೇ ಒಡೆದು ಹಪ್ಪಳೆಯಂತೆ ಏಳುತ್ತದೆ, ಬಳಸದೆ ಇಟ್ಟರೂ ಬಿಡುವುದಿಲ್ಲ.

ಲಬೂಬು ವಿಷಯಕ್ಕೆ ಬರೋಣ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಕಲಾವಿದ ಕಾಸಿಂಗ್ ಲುಂಗ್ 2015ರಲ್ಲಿ ತಮ್ಮ ಚಿತ್ರಪುಸ್ತಕಕ್ಕಾಗಿ ರೂಪಿಸಿದ ಪಾತ್ರವದು. ಚೀನಾದ ಪಾಪ್ ಮಾರ್ಟ್ ಕಂಪನಿ 2019ರಿಂದ ಮಾರುತ್ತಿದೆ. 2024ರಲ್ಲಿ ದಕ್ಷಿಣ ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡದ ಗಾಯಕಿ ಲೀಸಾ ಅದನ್ನು ಬ್ಯಾಗಿಗೆ ಸಿಕ್ಕಿಸಿಕೊಂಡ ಮೇಲೆ ಜಗತ್ತಿಗೇ ಹುಚ್ಚು ಹಿಡಿಯಿತು. ಅದರ ವ್ಯಾಪಾರ ನಡೆಯುವುದು ಬ್ಲೈಂಡ್ ಬಾಕ್ಸ್‌ನಲ್ಲಿ, ಅಂದರೆ ಒಳಗೆ ಯಾವ ಗೊಂಬೆ ಎಂದು ತೆರೆಯುವವರೆಗೆ ಗೊತ್ತಿಲ್ಲ. ‘ಸೀಕ್ರೆಟ್’ ಗೊಂಬೆ ಸಿಗುವ ಸಾಧ್ಯತೆ ಹಲವು ಸರಣಿಗಳಲ್ಲಿ 72ರಲ್ಲಿ ಒಂದು. ಇದು ಲಾಟರಿಯ ಚಟವನ್ನೇ ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಚೀನಾ ಸರ್ಕಾರವೇ 2023ರಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಬ್ಲೈಂಡ್ ಬಾಕ್ಸ್ ಮಾರಬಾರದೆಂದು ನಿಯಮ ತಂದಿತು. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಲಬೂಬು 10.8 ಲಕ್ಷ ಯುವಾನ್‌ಗೆ ಹೋಯಿತು. ಅದೇ ತಿಂಗಳು ಕಂಪನಿ ಸರಕು ಹೆಚ್ಚು ಬಿಡುತ್ತಿದ್ದಂತೆ ಮರುಮಾರಾಟದ ಬೆಲೆ ಧೊಪ್ಪನೆ ಕುಸಿಯಿತು.

ಹುಡುಗಿಗೆ ಇಷ್ಟವಿದ್ದರೆ ಒಂದನ್ನು ಕೊಡಿಸಿ, ಸರಣಿ ಪೂರ್ತಿ ಮಾಡುವ ಆಟಕ್ಕೆ ಇಳಿಯಬೇಡಿ. ಬೀದಿ ಬದಿಯಲ್ಲಿ ಕೆಲವು ನೂರು ರೂಪಾಯಿಗೆ ನೇತಾಡುವುದು ಲಬೂಬು ಅಲ್ಲ, ಸಂಗ್ರಾಹಕರು ನಗುತ್ತಾ ‘ಲಫುಫು’ ಎನ್ನುವ ನಕಲಿ. ಹಲ್ಲು ಎಣಿಸಿದರೆ ಸಾಕು, ಅಸಲಿಗೆ ಒಂಬತ್ತು. ನಕಲಿಯ ಹಲ್ಲು ತಪ್ಪಿದ್ದರೆ ನಗಬಹುದು, ಆದರೆ ಬಿಡಿಭಾಗ ಕಳಚಿ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಬಹುದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ನಮ್ಮಲ್ಲಿಯೂ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಅಂಥ ಗುರುತಿಲ್ಲದ್ದನ್ನು ಮಗುವಿನ ಕೈಗೆ ಕೊಡಬೇಡಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ವಿದೇಶಿ ತಾಣದಲ್ಲಿ ಅಗ್ಗವಾಗಿ ಕಂಡದ್ದನ್ನು ತರಿಸುವ ಮುನ್ನ ಸುಂಕದ ಲೆಕ್ಕ ಹಾಕಿ.

ಕೊನೆಗೆ ಅಮ್ಮನ ಮಾತು. ಅರ್ಧ ಸರಿ ಹೇಳುತ್ತಿದ್ದಾರೆ. ಒಂದು ಭಾನುವಾರ ಎಲ್ಲ 140ನ್ನೂ ನೆಲದ ಮೇಲೆ ಹರಡಿ. ಪ್ರತಿಯೊಂದನ್ನೂ ಎತ್ತಿ, ನಾಳೆ ಇದರ ಬೆಲೆ ಸೊನ್ನೆಯಾದರೂ ಇಟ್ಟುಕೊಳ್ಳುತ್ತೇನೆಯೇ ಎಂದು ಕೇಳಿಕೊಳ್ಳಿ. ಹೌದು ಎನಿಸಿದವನ್ನು ಡಬ್ಬಿಯಿಂದ ತೆಗೆದು ಕಣ್ಣಿಗೆ ಕಾಣುವಲ್ಲಿ, ನೇರ ಬಿಸಿಲು ಬೀಳದಲ್ಲಿ ಇಡಿ. ಸ್ಟಿಕ್ಕರ್, ಚೇಸ್ ಇರುವ ನಾಲ್ಕೈದನ್ನು ಬಿಡಿಬಿಡಿಯಾಗಿ ಮಾರಿ. ಬೆಂಗಳೂರಿನ ಕಾಮಿಕ್ ಕಾನ್ ಸಮಯದಲ್ಲಿ ಕೊಳ್ಳುವವರು ಹೆಚ್ಚು ಸಿಗುತ್ತಾರೆ, ಸಂಗ್ರಾಹಕರ ಫೇಸ್‌ಬುಕ್ ಗುಂಪುಗಳೂ ಇವೆ. ಉಳಿದವನ್ನು ಒಂದೇ ಪಾತ್ರಲೋಕದ ಹತ್ತು ಹದಿನೈದರ ಕಟ್ಟು ಮಾಡಿ ಮಾರಿ. ಕೊಂಡ ಬೆಲೆಯ ಅರ್ಧ ಬಂದರೂ ಕೊಟ್ಟುಬಿಡಿ. ಬೂಷ್ಟು ಹಿಡಿದಿದ್ದ ಡಬ್ಬಿಯ ಕಲೆಯನ್ನು ಫೋಟೋದಲ್ಲಿ ಮರೆಮಾಚಬೇಡಿ, ಈ ಗುಂಪುಗಳಲ್ಲಿ ಒಮ್ಮೆ ಹೆಸರು ಕೆಟ್ಟರೆ ಮುಂದಿನದನ್ನು ಯಾರೂ ಕೊಳ್ಳುವುದಿಲ್ಲ. ಕೊರಿಯರ್ ಮಾಡುವಾಗ ಗುಳ್ಳೆ ಹಾಳೆ ಸುತ್ತಿ, ಎಲ್ಲ ಬದಿಗೂ ಎರಡು ಬೆರಳು ಜಾಗವಿರುವ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಮಳೆಗಾಲವಾದರೆ ಹೊರಗೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ ಕಳುಹಿಸಿ.